ಸೀರೆಗೆ ಫಾಲ್ಸ್ ಹೊಲಿಯುವವಳು ಹೆಬ್ಬೆ ಫಾಲ್ಸಿಗೆ ಹೋದದ್ದು

ದಾವಣಗೆರೆಯ ವಿನೋಬನಗರದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ರವಿಕೆ, ಚೂಡಿದಾರ, ಶಾಲೆ ಮಕ್ಕಳ ಸಮವಸ್ತ್ರ, ಮದುವೆಯ ಕಾಲ ಬಂದರೆ ದಿನಕ್ಕೆ ಹತ್ತು ಸೀರೆಗೆ ಫಾಲ್ಸ್. ಹಾಗಾಗಿ ‘ಭಾನುವಾರ ಅಂಗಡಿ ಇಲ್ಲ, ಫಾಲ್ಸಿಗೆ ಹೋಗುತ್ತೇನೆ’ ಎಂದಾಗ ಗಿರಾಕಿಯೊಬ್ಬರು, ‘ಫಾಲ್ಸ್ ಬಟ್ಟೆ ತರಲು ಚೌಕಿಪೇಟೆಗೆ ಹೋಗಿ ಬರಲು ಇಡೀ ದಿನ ಬೇಕೇ?’ ಎಂದು ಕೇಳಿದರು. ಹೋದದ್ದು ಚೌಕಿಪೇಟೆಗಲ್ಲ, ಚಿಕ್ಕಮಗಳೂರು ಜಿಲ್ಲೆಯ ಹೆಬ್ಬೆ ಜಲಪಾತಕ್ಕೆ. ಜೊತೆಗೆ ಪಿಯುಸಿ ಓದುವ ಮಗಳು ಮತ್ತು ಅರವತ್ತೆಂಟು ವರ್ಷದ ನನ್ನ ಚಿಕ್ಕಮ್ಮ.

ಕರೆದುಕೊಂಡು ಹೋದದ್ದು ನಮ್ಮ ಊರಿನದೇ ಒಂದು ಪ್ರವಾಸದ ತಂಡ. ಹೆಸರು ಬರೆಯುವುದಿಲ್ಲ. ಅದನ್ನು ನಡೆಸುವ ಹುಡುಗನ ತಾಯಿ ನನ್ನ ಹಳೆಯ ಗಿರಾಕಿ. ಹೆಸರಿಲ್ಲದಿದ್ದರೂ ಬರೆಯಬೇಕಾದದ್ದನ್ನು ಬರೆಯುತ್ತೇನೆ, ಏಕೆಂದರೆ ಇಂಥ ಒಂದು ದಿನದ ಪ್ರವಾಸಗಳು ಈಗ ನಮ್ಮಲ್ಲಿ ವಾರಕ್ಕೆ ನಾಲ್ಕು ಹೊರಡುತ್ತವೆ, ಎಲ್ಲವೂ ಹೆಚ್ಚು ಕಡಿಮೆ ಒಂದೇ ಕತ್ತರಿಯಲ್ಲಿ ಕತ್ತರಿಸಿದಂತೆ ಇರುತ್ತವೆ.

ಮೊಬೈಲಿಗೆ ಬಂದ ಜಾಹೀರಾತಿನಲ್ಲಿ ಇದ್ದದ್ದು: ಕಲ್ಲತ್ತಿಗಿರಿ, ಹೆಬ್ಬೆ, ಕೆಮ್ಮಣ್ಣುಗುಂಡಿ, ಅಲ್ಲಿಯ ಝಡ್ ಪಾಯಿಂಟ್ ಎಂಬ ವೀಕ್ಷಣಾ ಸ್ಥಳ. ತಿಂಡಿ, ಊಟ, ಗೈಡ್, ಮಳೆ ಅಂಗಿ ‘ಎಲ್ಲವೂ ಸೇರಿ’ ತಲೆಗೆ 1,700 ರೂಪಾಯಿ. ಬೆಳಗಿನ ಜಾವ 4:30ಕ್ಕೆ ಪಿ.ಬಿ. ರಸ್ತೆಯಿಂದ ಹೊರಡುವುದು. ನಾವು 4:15ಕ್ಕೇ ಹೋಗಿ ನಿಂತೆವು. ಮಿನಿ ಬಸ್ ಬಂದದ್ದು 5:40ಕ್ಕೆ. ಗೈಡ್ ಎಂದು ಬಂದ ಹುಡುಗ ಕಣ್ಣುಜ್ಜಿಕೊಳ್ಳುತ್ತಾ, ‘ದಸರಾ ರಜೆ ಅಲ್ಲವೇ ಆಂಟಿ, ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ’ ಎಂದ. ದಸರಾ ರಜೆಗೂ ಅವನ ಅಲಾರಾಂಗೂ ಏನು ಸಂಬಂಧವೋ.

ಬಸ್ಸಿನಲ್ಲೇ ಮಳೆ ಅಂಗಿ ಹಂಚಿದರು. ನನ್ನ ಕೈಗೆ ಬಟ್ಟೆ ಬಂದರೆ ಮೊದಲು ನೋಡುವುದು ಒಳಹೊಲಿಗೆಯನ್ನು. ಇದರಲ್ಲಿ ಹೊಲಿಗೆಯೇ ಇರಲಿಲ್ಲ, ತೆಳು ಪ್ಲಾಸ್ಟಿಕ್ಕನ್ನು ಬಿಸಿ ಮಾಡಿ ಅಂಟಿಸಿದ್ದರು. ಕಂಕುಳ ಹತ್ತಿರ ಒಂದು ಬೆರಳು ಹಾಕಿ ಎಳೆದೆ, ಬಾಯಿ ಬಿಟ್ಟಿತು. ನಮ್ಮ ಮನೆಯ ಕೊಡೆಗಳೇ ಇದ್ದವು, ಸರಿ ಎಂದು ಸುಮ್ಮನಾದೆ. ಮಧ್ಯಾಹ್ನ ಕಾಡಿನಲ್ಲಿ ಹನಿ ಬಿದ್ದಾಗ ಹಿಂದಿನ ಸೀಟಿನ ನಾಲ್ಕು ಹುಡುಗಿಯರ ಅಂಗಿಗಳು ಒಂದೊಂದಾಗಿ ಹರಿದದ್ದನ್ನು ನೋಡಿದೆ. ಒಬ್ಬಳು ಅದನ್ನು ತಲೆಗೆ ಮುಂಡಾಸಿನಂತೆ ಸುತ್ತಿಕೊಂಡಳು. ಆ ಅಂಗಿಗೆ ಸಿಕ್ಕ ಅತ್ಯುತ್ತಮ ಬಳಕೆ ಅದೇ.

ಸಂತೇಬೆನ್ನೂರು, ಚನ್ನಗಿರಿ, ಭದ್ರಾವತಿ, ತರೀಕೆರೆ. ಈ ದಾರಿಯ ಬಗ್ಗೆ ಹೇಳುವುದೇನೂ ಇಲ್ಲ, ನಾನು ನಿದ್ದೆ ಮಾಡಿದೆ. ಚನ್ನಗಿರಿ ದಾಟಿದ ಮೇಲೆ ಅಡಿಕೆ ತೋಟಗಳ ತಂಪು ಕಿಟಕಿಯಿಂದ ಬಂದಾಗ ಚಿಕ್ಕಮ್ಮ ಎಚ್ಚರಾಗಿ ಎಲೆಗೆ ಸುಣ್ಣ ಹಚ್ಚಲು ಕುಳಿತಳು, ಅಷ್ಟು ನೆನಪು. ಮೂತ್ರಕ್ಕೆ ನಿಲ್ಲಿಸಿ ಎಂದು ಹೆಂಗಸರು ಮೂರು ಸಲ ಕೇಳಿದ ಮೇಲೆ ಒಂದು ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು. ಗಂಡಸರಿಗೆ ಯಾವ ಮರದ ಬುಡದಲ್ಲಾದರೂ ನಿಲ್ಲಿಸಿದವರು ಹೆಂಗಸರು ಕೇಳಿದಾಗ ಮಾತ್ರ ಗಡಿಯಾರ ನೋಡಿದರು. ಇಂಥ ತಂಡದ ಜೊತೆ ಹೋಗುವ ಹೆಂಗಸರು ಹಣ ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು: ಎಲ್ಲೆಲ್ಲಿ ನಿಲ್ಲಿಸುತ್ತೀರಿ?

ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಬೆಟ್ಟ ಹತ್ತುವ ದಾರಿಯಲ್ಲಿ ಕಲ್ಲತ್ತಿಗಿರಿ ಸಿಗುತ್ತದೆ. ಇದಕ್ಕೆ ನಡಿಗೆ ಬೇಡ, ಬಸ್ಸಿನಿಂದ ಇಳಿದರೆ ನೀರು ಕಾಲಿಗೇ ಬರುತ್ತದೆ. ವೀರಭದ್ರಸ್ವಾಮಿಯ ಗುಡಿ, ಬಂಡೆಯಲ್ಲಿ ಕಡೆದ ಆನೆಗಳು, ಪಕ್ಕದಲ್ಲೇ ಧುಮುಕುವ ನೀರು. ಚಿಕ್ಕಮ್ಮನ ಮನೆದೇವರು ವೀರಭದ್ರ. ಅವಳು ನಮ್ಮ ಜೊತೆ ಬರಲು ಒಪ್ಪಿದ್ದೇ ಈ ಗುಡಿಗಾಗಿ, ಹೆಬ್ಬೆಗಾಗಿ ಅಲ್ಲ. ತಣ್ಣಗಾದ ಉಪ್ಪಿಟ್ಟಿನ ಪೊಟ್ಟಣ ಇಲ್ಲೇ ಕೊಟ್ಟರು. ನಾವು ಅದನ್ನು ಬದಿಗಿಟ್ಟು ಮನೆಯಿಂದ ತಂದಿದ್ದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ತಿಂದೆವು. ಕೋತಿಗಳಿಗೆ ಉಪ್ಪಿಟ್ಟು ಹಾಕಬೇಕೆಂದು ಮಗಳು ಹೊರಟಳು, ಬೇಡವೆಂದು ತಡೆದೆ. ಕೋತಿಗೂ ಅಭ್ಯಾಸ ಕೆಡಬಾರದು.

ಹೆಬ್ಬೆಗೆ ನಮ್ಮ ಬಸ್ ಹೋಗುವುದಿಲ್ಲ. ಯಾರ ಕಾರೂ ಹೋಗದ ದಾರಿ ಅದು, ಕಾಫಿ ತೋಟದ ಒಳಗೆ ಕಲ್ಲು, ಕೆಸರು, ಹಳ್ಳ. ಅಲ್ಲಿ ಜೀಪ್ ಹತ್ತಲೇಬೇಕು. ಜೀಪಿನ ಹಣ ‘ಎಲ್ಲವೂ ಸೇರಿ’ ಎಂಬುದರಲ್ಲಿ ಸೇರಿಲ್ಲ ಎಂಬುದು ಜೀಪ್ ನಿಲ್ದಾಣದಲ್ಲಿ ಇಳಿದ ಮೇಲೆ ಗೊತ್ತಾಯಿತು. ‘ಜೀಪು ನಮ್ಮದಲ್ಲವಲ್ಲ ಆಂಟಿ’ ಎಂದ ಗೈಡ್. ಗುಂಡಿ ನಮ್ಮದಲ್ಲ, ದಾರ ನಮ್ಮದಲ್ಲ ಎಂದು ನಾನು ರವಿಕೆ ಕೊಡುವಾಗ ಬೇರೆ ಬೇರೆ ಲೆಕ್ಕ ಹೇಳಿದರೆ ಗಿರಾಕಿ ಬಿಡುತ್ತಾರೆಯೇ? ಅಲ್ಲಿಂದ ಹಿಂದಿರುಗಲಂತೂ ಆಗದು. ಎಲ್ಲರೂ ಗೊಣಗುತ್ತಾ ಕೊಟ್ಟೆವು. ದರ ಬದಲಾಗುತ್ತಿರುತ್ತದೆ, ಹೋಗುವವರು ಅಲ್ಲಿಯೇ ವಿಚಾರಿಸಿ ಕೊಡಿ. ಅರಣ್ಯ ಇಲಾಖೆಯ ಪ್ರವೇಶ ಶುಲ್ಕ ಬೇರೆ. ರಜೆಯ ಜನಜಂಗುಳಿಯಿಂದ ನಮ್ಮ ಸರದಿ ಬರಲು ಒಂದು ಗಂಟೆ ಹಿಡಿಯಿತು. ಬೆಳಿಗ್ಗೆ ತಡವಾದ ಆ ಒಂದು ಗಂಟೆ ಹತ್ತು ನಿಮಿಷ ಇಲ್ಲಿ ಬಡ್ಡಿ ಸಮೇತ ವಸೂಲಾಯಿತು.

ಜೀಪಿನವನಿಗೆ ಮಾತ್ರ ನಾನು ಐದಕ್ಕೆ ಐದು ಕೊಡುತ್ತೇನೆ. ಇಪ್ಪತ್ತೈದರ ಆಸುಪಾಸಿನ ಹುಡುಗ. ಚಿಕ್ಕಮ್ಮನನ್ನು ನೋಡಿದವನೇ, ‘ಅಜ್ಜಿ, ನೀವು ಮುಂದೆ ಕುಳಿತುಕೊಳ್ಳಿ, ಹಿಂದೆ ಕುಳಿತರೆ ಸೊಂಟ ಉಳಿಯುವುದಿಲ್ಲ’ ಎಂದು ತನ್ನ ಪಕ್ಕದ ಸೀಟು ಬಿಡಿಸಿಕೊಟ್ಟ. ಹಿಂದೆ ಕುಳಿತ ನಮ್ಮ ಸೊಂಟದ ಮಾತು ಅವನು ಎತ್ತಲಿಲ್ಲ. ಸುಮಾರು ನಲವತ್ತು ನಿಮಿಷ. ಹಳೆಯ ಹೊಲಿಗೆ ಯಂತ್ರದ ಮೇಲೆ ಕುಳಿತು ಯಾರೋ ಪೆಡಲ್ ತುಳಿಯುತ್ತಿರುವಂತೆ ಮೈಯೆಲ್ಲ ಕುಲುಕಿತು. ಕೆಲವು ಕಡೆ ಜೀಪ್ ಒಂದು ಮಗ್ಗುಲಿಗೆ ವಾಲಿದಾಗ ಎದುರು ಸೀಟಿನವರು ನಮ್ಮ ಮಡಿಲಿಗೇ ಬಂದರು. ಆದರೂ ಅವನು ಒಮ್ಮೆಯೂ ಶೋಕಿಗೆ ಓಡಿಸಲಿಲ್ಲ, ಎದುರಿಗೆ ಜೀಪ್ ಬಂದರೆ ತಾನೇ ಹಿಂದೆ ತೆಗೆದು ದಾರಿ ಬಿಟ್ಟ.

ಅಕ್ಕಪಕ್ಕ ಕಾಫಿ ಗಿಡಗಳಲ್ಲಿ ಕಾಯಿ ಇನ್ನೂ ಹಸಿರಾಗಿತ್ತು, ಅಲ್ಲೊಂದು ಇಲ್ಲೊಂದು ಕೆಂಪಾಗುತ್ತಿತ್ತು. ಸಿಲ್ವರ್ ಮರಗಳಿಗೆ ಮೆಣಸಿನ ಬಳ್ಳಿ. ಮಣ್ಣು ನಮ್ಮ ಬಯಲುಸೀಮೆಯ ಎರೆಯಂತೆ ಕಪ್ಪಲ್ಲ, ಕುಂಕುಮದ ಹಾಗೆ. ಆ ಕೆಮ್ಮಣ್ಣಿನಿಂದಲೇ ಮೇಲಿನ ಗಿರಿಧಾಮಕ್ಕೆ ಕೆಮ್ಮಣ್ಣುಗುಂಡಿ ಎಂಬ ಹೆಸರು. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬಂದು ಇರುತ್ತಿದ್ದ ಜಾಗ ಅದು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದೂ ಈ ಬೆಟ್ಟದಿಂದಲೇ. ಇದೆಲ್ಲ ಗೈಡ್ ಹೇಳಬೇಕಾದ ಮಾತು. ಹೇಳಿದ್ದು ಜೀಪಿನವನು. ಗೈಡ್ ಹಿಂದಿನ ಜೀಪಿನಲ್ಲಿ ನಿದ್ದೆ ಮಾಡುತ್ತಿದ್ದ ಎಂದು ಆಮೇಲೆ ಕೇಳಿದೆ.

ಜೀಪ್ ನಿಲ್ಲಿಸಿ ಅವನು ಹೇಳಿದ ಮಾತನ್ನು ಚಿಕ್ಕಮ್ಮ ಚೆನ್ನಾಗಿ ಕೇಳಿಸಿಕೊಂಡಿದ್ದಳು: ‘ಒಂದೂವರೆ ಗಂಟೆ ಕಾಯುತ್ತೇನೆ. ಆತುರ ಬೇಡ, ಕಲ್ಲು ಜಾರುತ್ತದೆ.’

ಅಲ್ಲಿಂದ ನಡಿಗೆ. ಇದು ಭದ್ರಾ ಅಭಯಾರಣ್ಯದ ಕಾಡು, 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಆದ್ದರಿಂದ ಗಲಾಟೆ, ಪ್ಲಾಸ್ಟಿಕ್ ಎರಡೂ ಬೇಡ. ದಾರಿ ಬಹಳ ಉದ್ದವೇನಲ್ಲ, ಚಿಕ್ಕಮ್ಮನ ಹೆಜ್ಜೆಗೆ ಹೊಂದಿಕೊಂಡು ನಡೆದ ನಮಗೂ ಅರ್ಧ ಗಂಟೆ ಆಗಲಿಲ್ಲ. ಆದರೆ ನಡುವೆ ಹಳ್ಳ ದಾಟಬೇಕು, ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನೀರು, ತಳದಲ್ಲಿ ಬೆಣ್ಣೆ ಸವರಿದಂಥ ಉರುಟು ಕಲ್ಲು. ಇಲ್ಲಿ ಪಾದರಕ್ಷೆಯ ಮಾತು ಹೇಳಲೇಬೇಕು. ಮಗಳು ಎರಡು ಸಾವಿರ ಕೊಟ್ಟು ಕೊಂಡ ಬಿಳಿ ಶೂ ಮೊದಲ ಹಳ್ಳದಲ್ಲೇ ನೀರು ಕುಡಿದು ಇಟ್ಟಿಗೆಯಷ್ಟು ಭಾರವಾಯಿತು. ನಾನು ಮಂಡಿಪೇಟೆಯಲ್ಲಿ 350 ರೂಪಾಯಿಗೆ ಕೊಂಡಿದ್ದ, ಹಿಂದೆ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ ಎಲ್ಲೂ ಜಾರಲಿಲ್ಲ, ನೀರಿನಿಂದ ಎದ್ದ ಎರಡು ನಿಮಿಷಕ್ಕೆ ಒಣಗಿತು. ಅಂಗಡಿಯಲ್ಲಿ ಅಟ್ಟೆಯನ್ನು ತಿರುಗಿಸಿ ಉಗುರಿನಿಂದ ಒತ್ತಿ ನೋಡಿ. ಉಗುರಿನ ಗುರುತು ಬೀಳುವ ಮೆತ್ತನೆಯ ರಬ್ಬರ್ ಕಲ್ಲನ್ನು ಹಿಡಿಯುತ್ತದೆ, ಗಟ್ಟಿ ಪ್ಲಾಸ್ಟಿಕ್ ಹಿಡಿಯುವುದಿಲ್ಲ. ಚಿಕ್ಕಮ್ಮ ಹಳ್ಳ ಬಂದಾಗಲೆಲ್ಲ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ದಾಟಿದಳು. ಅವಳೂ ಜಾರಲಿಲ್ಲ.

ಎರಡನೆಯ ಹಳ್ಳ ದಾಟಿದ ಮೇಲೆ ಮಗಳು ಕಿಟಾರನೆ ಚೀರಿದಳು. ನಾವು ಜಿಗಣೆ ಎನ್ನುತ್ತೇವೆ, ಅಲ್ಲಿಯವರು ಉಂಬಳ ಎನ್ನುತ್ತಾರೆ, ಅದು ಕಾಲುಚೀಲದ ಮೇಲಂಚಿನಲ್ಲಿ ಕಚ್ಚಿ ಹಿಡಿದಿತ್ತು. ಸುತ್ತ ನಿಂತ ಹುಡುಗರು ಮೊಬೈಲ್ ತೆಗೆದರೇ ಹೊರತು ಯಾರೂ ಬಗ್ಗಲಿಲ್ಲ. ಚಿಕ್ಕಮ್ಮ ‘ಚೀರಬೇಡ, ಕಾಲು ಇಲ್ಲಿಡು’ ಎಂದು ಸೊಂಟದಿಂದ ಎಲೆಚೀಲ ತೆಗೆದು ಸುಣ್ಣದ ಡಬ್ಬಿಗೆ ಬೆರಳದ್ದಿ ಅದರ ಮೇಲೆ ಒಂದು ಚುಕ್ಕಿ ಇಟ್ಟಳು. ಜಿಗಣೆ ಮುರುಟಿ ಉದುರಿತು. ಎಳೆದು ಕೀಳಬಾರದು, ಗಾಯ ದೊಡ್ಡದಾಗುತ್ತದೆ. ಅದು ಬಿದ್ದ ಮೇಲೂ ರಕ್ತ ಜಿನುಗುತ್ತಲೇ ಇತ್ತು. ಜಿಗಣೆಯ ಜೊಲ್ಲಿನಲ್ಲಿ ಹಿರುಡಿನ್ ಎಂಬ ಪದಾರ್ಥವಿದೆ, ಅದು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ ಎಂದು ಮಗಳು ಅಳುತ್ತಲೇ ಪಾಠ ಒಪ್ಪಿಸಿದಳು. ‘ಹೆಸರು ಏನಾದರೂ ಇರಲಿ, ಕಾಲುಚೀಲ ಕೆಟ್ಟಿತಲ್ಲ’ ಎಂದಳು ಚಿಕ್ಕಮ್ಮ. ಆ ಹುಡುಗರಲ್ಲಿ ಇಬ್ಬರು ಆಮೇಲೆ ಮೆಲ್ಲಗೆ ಬಂದು, ‘ಅಜ್ಜಿ, ಸ್ವಲ್ಪ ಸುಣ್ಣ ಕೊಡುತ್ತೀರಾ’ ಎಂದು ಕೇಳಿದರು. ಕೊಟ್ಟಳು, ಮೊಬೈಲ್ ಒಳಗಿಟ್ಟ ಮೇಲೆ.

ಸದ್ದು ಮೊದಲು ಬಂತು, ಆಮೇಲೆ ಮುಖಕ್ಕೆ ತುಂತುರು, ಆಮೇಲೆ ಹೆಬ್ಬೆ.

ಜಲಪಾತವೆಂದರೆ ಹಾಲು ಸುರಿದಂತೆ ಎಂದು ಬರೆಯುವುದು ವಾಡಿಕೆ. ಹಾಲನ್ನು ಅಷ್ಟು ಎತ್ತರದಿಂದ ಸುರಿದವರನ್ನು ನಾನು ಕಂಡಿಲ್ಲ. ಮಲ್ ಬಟ್ಟೆಯ ಥಾನನ್ನು ಅಂಗಡಿಯವನು ಒಂದೇ ಏಟಿಗೆ ಬಿಚ್ಚಿ ಬೀಸಿದಾಗ ಅದು ಗಾಳಿ ತುಂಬಿಕೊಂಡು, ಉಬ್ಬಿ, ನಿಧಾನವಾಗಿ ಕೆಳಗೆ ಇಳಿಯುತ್ತದಲ್ಲ, ಅದು ನನಗೆ ಗೊತ್ತು. ಇದು ಹಾಗೆಯೇ ಇತ್ತು. ಕಪ್ಪು ಬಂಡೆಯ ಗೋಡೆ, ಅದರ ಮೇಲೆ ನೀರು ಗೆರೆಗೆರೆಯಾಗಿ ಇಳಿದು, ನಡುವೆ ಎಲ್ಲೋ ಹರಿದು, ಮತ್ತೆ ಕೂಡಿಕೊಂಡು. ಸುಮಾರು 168 ಮೀಟರ್ ಎನ್ನುತ್ತಾರೆ, ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ ಎಂದು ಎರಡು ಹಂತ. ಐದೂವರೆ ಮೀಟರಿನ ಸೀರೆಗಳನ್ನು ತುದಿಗೆ ತುದಿ ಕೂಡಿಸಿ ಹೊಲಿದು ತೂಗುಬಿಟ್ಟರೆ ಮೂವತ್ತೊಂದು ಸೀರೆ ಬೇಕು. ನಾನು ಅಲ್ಲಿ ನಿಂತು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಅದನ್ನೇ. ಈ ನೀರಿಗೆ ಔಷಧಿಯ ಗುಣ ಇದೆ ಎಂದು ಯಾರೋ ಬಾಟಲಿಗೆ ತುಂಬಿಸಿಕೊಳ್ಳುತ್ತಿದ್ದರು. ನನ್ನ ಮಂಡಿನೋವಿಗೆ ಅದು ಏನೂ ಮಾಡಲಿಲ್ಲ. ತಣ್ಣಗಿತ್ತು, ಅಷ್ಟು ಸಾಕಾಗಿತ್ತು.

ಚಿಕ್ಕಮ್ಮ ನೀರಿಗೆ ಇಳಿಯಲಿಲ್ಲ. ಒಂದು ಬಂಡೆಯ ಮೇಲೆ ಕುಳಿತು ಕಣ್ಣು ಮುಚ್ಚಿದಳು. ತಲೆ ಸುತ್ತಿತೇನೋ ಎಂದು ನಾನು ಹತ್ತಿರ ಹೋದೆ. ‘ಮಿಲ್ಲಿನ ಸದ್ದು ಇದೇ’ ಎಂದಳು. ಚಿಕ್ಕಪ್ಪ ದಾವಣಗೆರೆಯ ಹತ್ತಿಗಿರಣಿಯೊಂದರಲ್ಲಿ ಮಗ್ಗದ ವಿಭಾಗದಲ್ಲಿ ದುಡಿದವರು. ಮದುವೆಯಾದ ಹೊಸತರಲ್ಲಿ ಇವಳು ದಿನಾ ಬುತ್ತಿ ಹೊತ್ತು ಗೇಟಿನ ಬಳಿ ನಿಲ್ಲುತ್ತಿದ್ದಳಂತೆ. ಒಳಗೆ ಬಿಡುತ್ತಿರಲಿಲ್ಲ, ಸದ್ದು ಮಾತ್ರ ಹೊರಗೆ ಬರುತ್ತಿತ್ತು. ಊರಿನ ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾಯಿತು, ಚಿಕ್ಕಪ್ಪ ಹೋಗಿ ಒಂಬತ್ತು ವರ್ಷ. ಕೊನೆಯವರೆಗೂ ಅವರು ಮನೆಯೊಳಗೆ ಕೂಗಿಯೇ ಮಾತನಾಡುತ್ತಿದ್ದರು, ಕಿವಿ ಮಗ್ಗಕ್ಕೆ ಹೋಗಿತ್ತು. ‘ಜಗಳ ಮಾಡುತ್ತಾರೆ ಎಂದೇ ಅಕ್ಕಪಕ್ಕದವರು ತಿಳಿದಿದ್ದರು’ ಎಂದು ಚಿಕ್ಕಮ್ಮ ನಕ್ಕಳು. ನೀರಿನ ಸದ್ದಿಗೆ ಅವಳೂ ಕೂಗಿಯೇ ಹೇಳುತ್ತಿದ್ದಳು.

ಆಗ ಕೇಳಿತು ಗೈಡಿನ ಸೀಟಿ. ಗಡಿಯಾರ ನೋಡಿದೆ, 1:35. ನಾವು ಅಲ್ಲಿಗೆ ತಲುಪಿದ್ದು 1:10ಕ್ಕೆ. ಇಪ್ಪತ್ತೈದು ನಿಮಿಷ! ‘ಊಟಕ್ಕೆ ತಡವಾಗುತ್ತದೆ, ಹೊರಡಿ, ಹೊರಡಿ.’ ಮಗಳು ಇನ್ನೂ ಶೂ ಬಿಚ್ಚಿ ಮುಗಿಸಿರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ಗಿರಾಕಿ ಎರಡೂವರೆ ಮೀಟರ್ ಬಟ್ಟೆ ತಂದರೆ, ಕಾಲು ಮೀಟರ್ ಉಳಿಯುವಂತೆ ಕತ್ತರಿಸಿ ಅದನ್ನು ಒಳಗೆ ಸೇರಿಸಿಕೊಳ್ಳುವ ದರ್ಜಿಗಳಿದ್ದಾರೆ. ಚೂಡಿದಾರ ಮೈಗೆ ಬಿಗಿಯಾಗುತ್ತದೆ, ಗಿರಾಕಿ ತಾನು ದಪ್ಪವಾದೆನೇನೋ ಎಂದುಕೊಳ್ಳುತ್ತಾಳೆ. ಈ ತಂಡ ಮಾಡಿದ್ದು ಅದನ್ನೇ. ಬೆಳಿಗ್ಗೆ ತಾವು ಕಳೆದ ಹೊತ್ತನ್ನು ನಮ್ಮ ಬಟ್ಟೆಯಿಂದ ಕತ್ತರಿಸಿದರು.

ನಾನು ಎದ್ದು ನಿಂತಿದ್ದೆ. ಹೇಳಿದ ಮಾತು ಕೇಳಿ ಅಭ್ಯಾಸ. ಚಿಕ್ಕಮ್ಮ ಏಳಲಿಲ್ಲ. ಎಲೆಚೀಲ ಬಿಚ್ಚಿ, ಎಲೆಯ ತೊಟ್ಟು ಮುರಿದು, ನಿಧಾನವಾಗಿ ನರ ಬಿಡಿಸುತ್ತಾ, ‘ಜೀಪಿನವನು ಒಂದೂವರೆ ಗಂಟೆ ಎಂದಿದ್ದಾನೆ. ನಿನಗೆ ಹಸಿವಾಗಿದ್ದರೆ ನೀನು ಹೋಗಪ್ಪ’ ಎಂದಳು. ನಮ್ಮ ಜೀಪಿನ ಉಳಿದ ಐವರೂ ಕುಳಿತುಬಿಟ್ಟರು. ಗೈಡ್ ಎರಡು ಸಲ ಸೀಟಿ ಊದಿ, ಒಂದು ಸಲ ಫೋನ್ ಎತ್ತಿ, ಅಲ್ಲಿ ಸಿಗ್ನಲ್ ಇಲ್ಲದೆ ತಾನೂ ಒಂದು ಕಲ್ಲು ಹುಡುಕಿಕೊಂಡ. 2:05ರವರೆಗೆ ಇದ್ದೆವು. ಆ ಅರ್ಧ ಗಂಟೆ ಚಿಕ್ಕಮ್ಮ ಸಂಪಾದಿಸಿ ಕೊಟ್ಟದ್ದು.

ಹೆಂಗಸರಿಗೆ ಇನ್ನೊಂದು ಮಾತು. ನೀರಿಗೆ ಇಳಿದವರು ಬಟ್ಟೆ ಬದಲಿಸಲು ಮರದ ಮರೆ ಹುಡುಕುತ್ತಾರೆ, ಇಬ್ಬರು ದುಪಟ್ಟಾ ಹಿಡಿದು ಕಾವಲು ನಿಲ್ಲುತ್ತಾರೆ. ನಾನು ಅದಕ್ಕೆಂದೇ ಒಂದು ಉಪಾಯ ಮಾಡಿಕೊಂಡು ಹೋಗಿದ್ದೆ. ಮೂರು ಮೀಟರ್ ಗಾಢ ನೀಲಿ ಪಾಪ್ಲಿನ್ ಬಟ್ಟೆ, ಅಗಲದ ಲಂಗದಂತೆ ಹೊಲಿದು, ಸೊಂಟದ ಲಾಡಿಯ ಬದಲು ಕುತ್ತಿಗೆಗೆ ಬರುವಂತೆ ಎಲಾಸ್ಟಿಕ್. ತಲೆಯಿಂದ ಹಾಕಿಕೊಂಡರೆ ಮೊಣಕಾಲಿನವರೆಗೆ ಗುಡಾರ, ಕೈಗಳು ಒಳಗೇ ಇರುತ್ತವೆ, ಎಲ್ಲಿ ಬೇಕಾದರೂ ನಿಂತು ಸೀರೆಯನ್ನೂ ಬದಲಿಸಬಹುದು. ತಿಳಿ ಬಣ್ಣದ್ದು ಬೇಡ, ಒದ್ದೆಯಾದರೆ ಮರೆ ನಿಲ್ಲುವುದಿಲ್ಲ. ಹಿಂದಿನ ಸೀಟಿನ ನಾಲ್ಕು ಹುಡುಗಿಯರೂ ಒಬ್ಬರಾದ ಮೇಲೆ ಒಬ್ಬರು ಅದರೊಳಗೆ ಹೋಗಿ ಬಂದರು. ಅಲ್ಲಿಯೇ ಮೂರು ಹೊಲಿಗೆ ಒಪ್ಪಿಕೊಂಡೆ, ಮುಂಗಡವಿಲ್ಲದೆ.

ಊಟದ ಹೋಟೆಲಿನಲ್ಲಿ ಒಂದೂಕಾಲು ಗಂಟೆ ಕುಳಿತೆವು. ಅಲ್ಲಿ ಯಾರೂ ಸೀಟಿ ಊದಲಿಲ್ಲ. ಸಾರು ಚೆನ್ನಾಗಿತ್ತು, ಅನ್ನ ಹಸಿಯಾಗಿತ್ತು. ಕೆಮ್ಮಣ್ಣುಗುಂಡಿಯ ತೋಟವನ್ನು ಬಸ್ಸಿನ ಕಿಟಕಿಯಿಂದ ತೋರಿಸಿದರು. ಝಡ್ ಪಾಯಿಂಟ್ ‘ಮಂಜು ಇದೆ, ಏನೂ ಕಾಣುವುದಿಲ್ಲ’ ಎಂದು ಬಿಟ್ಟರು. ಮಂಜು ಇತ್ತು, ನಿಜ. ಆದರೆ ಹೋಗದೆಯೇ ಏನೂ ಕಾಣುವುದಿಲ್ಲ ಎಂಬ ಖಾತ್ರಿ ಅವರಿಗೆ ಹೇಗೆ ಬಂತೋ. ದಾವಣಗೆರೆ ಮುಟ್ಟಿದಾಗ ರಾತ್ರಿ ಹತ್ತು. ಹದಿನಾರು ಗಂಟೆಗೂ ಹೆಚ್ಚಿನ ಪ್ರವಾಸದಲ್ಲಿ ಹೆಬ್ಬೆಯ ಪಾಲು ಐವತ್ತೈದು ನಿಮಿಷ.

ಪ್ರವಾಸದ ತಂಡಕ್ಕೆ ಐದಕ್ಕೆ ಒಂದೂವರೆ. ಆ ಅರ್ಧ ಅಂಕ ಬಸ್ಸಿನ ಚಾಲಕನಿಗೆ, ಘಾಟಿಯ ತಿರುವುಗಳಲ್ಲಿ ಅವನು ಒಮ್ಮೆಯೂ ಮೊಬೈಲ್ ಮುಟ್ಟಲಿಲ್ಲ. ಹೋಗುವುದಾದರೆ ಎಂಟು ಜನ ಸೇರಿ ನೀವೇ ಗಾಡಿ ಮಾಡಿಕೊಂಡು ಹೋಗಿ. ಹಿಂದಿನ ರಾತ್ರಿ ತರೀಕೆರೆಯಲ್ಲಿ ತಂಗಿ ಬೆಳಿಗ್ಗೆಯೇ ಜೀಪಿನ ಸಾಲಿಗೆ ನಿಂತರೆ ಇಡೀ ಜಲಪಾತ ಒಂದಿಷ್ಟು ಹೊತ್ತಾದರೂ ನಿಮ್ಮದೇ. ಮಳೆ ಜೋರಾದಾಗ ದಾರಿ ಮುಚ್ಚುವುದುಂಟು, ವಿಚಾರಿಸಿ ಹೊರಡಿ. ಮಳೆ ಹಿಂದೆ ಸರಿದ ಮೇಲಿನ ಅಕ್ಟೋಬರ್ ತಿಂಗಳಲ್ಲಿ ನೀರೂ ಇರುತ್ತದೆ, ನಡೆಯಲೂ ಆಗುತ್ತದೆ. ಸುಣ್ಣದ ಡಬ್ಬಿ ಮರೆಯಬೇಡಿ.

ಮರುದಿನ ತಂಡದ ಹುಡುಗನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ‘ಮುಂದಿನ ಸಲ ಹತ್ತು ಪರ್ಸೆಂಟ್ ಕಡಿಮೆ ಮಾಡಿಕೊಡುತ್ತೇನೆ ಆಂಟಿ’ ಎಂದ. ನಾನು ಕೇಳಿದ್ದು ಹಣವನ್ನಲ್ಲ.

ಗುರುವಾರ ಅವನ ತಾಯಿ ಅಂಗಡಿಗೆ ಬಂದರು, ದೀಪಾವಳಿಯ ಸೀರೆಯ ಫಾಲ್ಸ್ ಮತ್ತು ಹಿಂದಿನ ವಾರ ಕೊಟ್ಟಿದ್ದ ರವಿಕೆ ಒಯ್ಯಲು. ‘ನನ್ನ ಮಗನ ಟೂರ್ ಹೇಗಿತ್ತು?’ ಎಂದು ಕೇಳಿದರು. ಚಿಕ್ಕಮ್ಮ ಅಲ್ಲಿಯೇ ಕುಳಿತು ಕಾಜಾ ಮಾಡುತ್ತಿದ್ದಳು, ತಲೆ ಎತ್ತಲಿಲ್ಲ. ‘ಫಾಲ್ಸ್ ಬಹಳ ಚೆನ್ನಾಗಿತ್ತು’ ಎಂದೆ. ರವಿಕೆ ಮಡಿಸಿ, ಅದರ ಬಟ್ಟೆಯಲ್ಲಿ ಉಳಿದಿದ್ದ ಕಾಲು ಮೀಟರ್ ತುಂಡನ್ನು ಟೇಪಿನಿಂದ ಅಳೆದು ತೋರಿಸಿ, ಅವರ ಚೀಲದಲ್ಲಿ ಹಾಕಿ ಕೊಟ್ಟೆ.